ಕೊಡುವ ಮುಂಚೆ ಹಚ್ಚಿ ಕೇಳು

ರಾಣೇಬೆನ್ನೂರು
18 ಜೂನ್ 2006

ಅಪ್ಪನಿಗೆ ಸುಧಾರಾಣಿಯ ನಮಸ್ಕಾರ.

ಇಲ್ಲಿ ಬಸವಣ್ಣೆವ್ವ ಅತ್ತೆ ಮತ್ತು ಮನೆಯವರೆಲ್ಲ ಕ್ಷೇಮ. ನೀವು ಕ್ಷೇಮವೋ ಎಂದು ಕೇಳುವುದಿಲ್ಲ, ನನಗೆ ಗೊತ್ತಿದೆ. ಮೊನ್ನೆ ಫೋನ್ ಮಾಡಿದಾಗ ಅವ್ವ "ನಿಮ್ಮಪ್ಪ ಹೊರಗ ಹೋಗ್ಯಾರವಾ" ಎಂದಳು. ಅವಳ ಬೆನ್ನ ಹಿಂದೆಯೇ ನೀವು ಕೆಮ್ಮಿದ್ದು ಕೇಳಿಸಿತು. ಮೆಣಸಿನಕಾಯಿ ಘಾಟಿಗೆ ಬ್ಯಾಡಗಿಯ ಊರೆಲ್ಲ ಕೆಮ್ಮುತ್ತದೆ, ಆದರೆ ಕೊನೆಗೆ ಗಂಟಲು ಕೆರೆದು "ಹಾಂ" ಎಂದು ಮುಗಿಸುವವರು ನೀವೊಬ್ಬರೇ. ಎಷ್ಟು ಸಲ ಫೋನ್ ಮಾಡಿದರೂ ನೀವು ಹೊರಗೇ ಇರುತ್ತೀರಿ. ಇನ್ನು ಮಾಡುವುದಿಲ್ಲ. ಬರೆಯುತ್ತೇನೆ. ಓದಿದರೆ ಓದಿ, ಬಿಟ್ಟರೆ ಬಿಡಿ.

ಸಿಟ್ಟು ಮಾಡಬೇಕಾದವಳು ನಾನು. ಮೋಟೆಬೆನ್ನೂರಿನ ಮದುವೆಗೆ ನಮ್ಮ ಮೈಕ್ ಸೆಟ್ ಹಾಕಿದಾಗ ನಾನು ಹೇಳಿದ್ದು ಒಂದೇ ಮಾತು. "ಅಪ್ಪಾ, ಬಲಗಡೀ ಬಾಕ್ಸ್ ಹಾಡಿನ ಹಿಂದ ಚರಚರ ಅನ್ನಾಕತ್ತೈತಿ." ಅದಕ್ಕೆ ನೀವು ಬೀಗರ ಮುಂದೆ, ಊರಿನವರ ಮುಂದೆ, "ಏನೂ ಇಲ್ಲ, ಇಳಿ ಕೆಳಗ, ಇನ್ನ ಮ್ಯಾಲೆ ಸೆಟ್ ಮುಟ್ಟಬ್ಯಾಡ" ಎಂದಿರಿ. ಜನ ನಕ್ಕರು. ಫ್ರಾಕ್ ಹಾಕುವ ವಯಸ್ಸಿನಿಂದ ನನಗೆ ವಾಯರ್ ಸುತ್ತಲು ಕಲಿಸಿದವರು ನೀವು. ಮೈಕ್ ಸೆಟ್ಟಿನವಳನ್ನು ಯಾರು ಮದುವೆಯಾಗುತ್ತಾರೆ ಎಂದು ಓಣಿಯವರು ಆಡಿಕೊಂಡಾಗ "ಆಡಲಿ ಬಿಡ" ಎಂದವರೂ ನೀವೇ. ಆ ನೀವು ನನ್ನನ್ನು ಸ್ಟೇಜಿನಿಂದ ಇಳಿಸಿದಿರಿ. ಅದಕ್ಕೇ ಮರುದಿನ ಬ್ಯಾಗು ತೆಗೆದುಕೊಂಡು ಅತ್ತೆಯ ಮನೆಗೆ ಬಂದೆ. ಬರುವಾಗ ನೀವು ಬಾಗಿಲಿಗೂ ಬರಲಿಲ್ಲ.

ಇಲ್ಲಿ ರುದ್ರಮುನಿ ಅವರ ಮದುವೆ ವಿಡಿಯೋ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೇನೆ. ಅವರಿಗೆ ಬೇಕಾದದ್ದು ಚಿತ್ರ, ಸದ್ದು ಹೇಗಿದ್ದರೂ ನಡೆಯುತ್ತದೆ. ಕಂಪ್ಯೂಟರ್ ಖಾಲಿ ಇದ್ದಾಗ ನಾನು ಅದರ ಮುಂದೆ ಕುಳಿತು ಸದ್ದು ಸರಿಮಾಡುವುದನ್ನು ಕಲಿಯುತ್ತಿದ್ದೇನೆ. ಗೊತ್ತಾಗದ್ದನ್ನು ನೆಟ್ ಸೆಂಟರಿಗೆ ಹೋಗಿ ಹುಡುಕುತ್ತೇನೆ. ಬೆಂಗಳೂರಿನ ಸೌಂಡ್ ಎಂಜಿನಿಯರಿಂಗ್ ಕೋರ್ಸಿನ ಅರ್ಜಿ ತರಿಸಿದಾಗ "ಕಿವೀಗೂ ಫೀಸ್ ಕಟ್ಟತಾರೇನ?" ಎಂದು ನಕ್ಕಿದ್ದಿರಲ್ಲ? ಸರಿ, ಕಟ್ಟುವುದಿಲ್ಲ. ಆದರೆ ಕಲಿತೇ ಕಲಿಯುತ್ತೇನೆ.

ನೀವೂ ಕಲಿಸಬೇಕು. ಎದುರಿಗೆ ಕಲಿಸಲು ಮನಸ್ಸಿಲ್ಲದಿದ್ದರೆ ಕಾಗದದಲ್ಲಿ ಕಲಿಸಿ.

ನಿಮ್ಮ ಮಗಳು,
ಸುಧಾರಾಣಿ


ಬ್ಯಾಡಗಿ
5 ಜುಲೈ 2006

ಸುಧಾಗೆ ಅಪ್ಪನ ಆಶೀರ್ವಾದ.

ಓದಿದರೆ ಓದಿ ಎಂದಿದ್ದೀ. ಓದಿದೆ. ಮತ್ತೊಮ್ಮೆಯೂ ಓದಿದೆ. ಅಕ್ಷರ ಇನ್ನೂ ಕೋಳಿಕಾಲಿನ ಹಾಗೇ ಇದೆ, ಸ್ವಲ್ಪ ದುಂಡಗೆ ಬರೆ.

ಫೋನ್ ನನಗೆ ಆಗಿಬರುವುದಿಲ್ಲ. ಅದರಲ್ಲಿ ಮನುಷ್ಯರ ದನಿ ತಗಡು ಬಡಿದ ಹಾಗೆ ಬರುತ್ತದೆ. ನೀನು ಬರೆ, ನಾನೂ ಬರೆಯುತ್ತೇನೆ. ಮೋಟೆಬೆನ್ನೂರಿನ ಮಾತನ್ನು ಮಾತ್ರ ಮತ್ತೆ ಎತ್ತಬೇಡ.

ಕಲಿಸು ಎಂದರೆ ಏನು ಕಲಿಸಲಿ? ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಜನರಿಂದ ಬೈಸಿಕೊಳ್ಳುತ್ತ ಕಲಿತೆ. ನೆನಪಾದದ್ದನ್ನು ಬರೆಯುತ್ತೇನೆ.

ಸೆಟ್ ಹಚ್ಚಿದ ಮೇಲೆ ಸೆಟ್ಟಿನ ಹತ್ತಿರ ಕೂರಬೇಡ. ಪೆಂಡಾಲಿನ ಕಟ್ಟಕಡೆಗೆ, ಚಪ್ಪಲಿ ಬಿಡುವ ಜಾಗದಲ್ಲಿ ಯಾವುದಾದರೂ ಮುದುಕಿ ಕುಳಿತಿರುತ್ತಾಳೆ. ಅವಳ ಪಕ್ಕ ಹೋಗಿ ಕೂತು ಕೇಳು. ಅವಳಿಗೆ ಮಾತು ತಿಳಿದರೆ ನಿನ್ನ ಕೆಲಸ ಸರಿಯಾಗಿದೆ. ಹಾಡುವವರ ದನಿ ಬರುತ್ತಿಲ್ಲ ಎಂದು ಯಾರಾದರೂ ಕೂಗಿದರೆ ಗಾಬರಿಯಾಗಿ ದನಿ ಏರಿಸಬೇಡ, ಅದಕ್ಕೆ ಅಡ್ಡ ಬಂದದ್ದು ಏನಿದೆ ನೋಡಿ ಅದನ್ನು ಇಳಿಸು. ತಬಲಾದವರು ಸಿಟ್ಟಾಗುತ್ತಾರೆ, ಆಗಲಿ.

ಇನ್ನೊಂದು ಮಾತನ್ನು ತಲೆಯಲ್ಲಿ ಇಟ್ಟುಕೊ. ಯಾರಿಗೆ ಏನೇ ಕೊಡು, ಕೊಡುವ ಮುಂಚೆ ಹಚ್ಚಿ ಕೇಳು. ಎಷ್ಟೇ ಅವಸರ ಇರಲಿ, ಗಾಡಿ ಹೊರಟು ನಿಂತಿರಲಿ, ಒಮ್ಮೆ ಹಚ್ಚಿ ಕೇಳಿಯೇ ಕೊಡು. ಕೇಳದೆ ಕೊಟ್ಟವನು ಸೌಂಡಿನವನಲ್ಲ, ಹೇರು ಹೊರುವ ಹಮಾಲ.

ನಮ್ಮ ಸೆಟ್ಟಿನ ಕೆಲಸದ ಬುಡನಸಾಬ ನಿನ್ನನ್ನು ಕೇಳಿದ. "ಆಕಿ ಇಲ್ದ ವಾಯರ್ ಎಲ್ಲಾ ಗಂಟ ಬಿದ್ದಾವ್ರಿ" ಎಂದು ಚೀಟಿಯ ಮೇಲೆ ಬರೆದು ತೋರಿಸಿದ. ಅವನಿಗೆ ಹುಚ್ಚು, ಬಾಯಿಂದ ಹೇಳಿದರೆ ಸಾಲದೇ?

ನಿನ್ನ ಅಪ್ಪ,
ಸೋಮಣ್ಣ


ರಾಣೇಬೆನ್ನೂರು
3 ಸೆಪ್ಟೆಂಬರ್ 2006

ಅಪ್ಪನಿಗೆ ನಮಸ್ಕಾರ.

ನಿಮಗೆ ನಗು ಬರುವಂಥದ್ದು ಒಂದು ನಡೆದಿದೆ. ನಗಬೇಡಿ.

ಅತ್ತೆಯ ಹಿತ್ತಲ ಕೋಣೆಯನ್ನು ರೆಕಾರ್ಡಿಂಗ್ ಕೋಣೆ ಮಾಡಿಕೊಂಡಿದ್ದೇನೆ. ರುದ್ರಮುನಿ ಅವರು ಅಂಗಡಿಯ ಹಳೆಯ ಕಂಪ್ಯೂಟರನ್ನು, ಎರಡು ಮೈಕುಗಳನ್ನು ಮನೆಗೆ ಒಯ್ಯಲು ಬಿಟ್ಟಿದ್ದಾರೆ. ಮೊದಲ ದಿನ ನನ್ನ ದನಿಯನ್ನೇ ಹಿಡಿದು ಕೇಳಿದೆ. ಕಾಳು ತುಂಬುವ ಹಗೇವಿನೊಳಗೆ ನಿಂತು ಮಾತಾಡಿದ ಹಾಗಿತ್ತು. ನೆಟ್ ಸೆಂಟರಿನಲ್ಲಿ ಓದಿದರೆ, ಬರಿಗೋಡೆಗೆ ಬಡಿದು ದನಿ ತಿರುಗಿ ಬರುತ್ತದೆ, ಗೋಡೆಗೆ ದಪ್ಪನೆಯದು ಏನಾದರೂ ಹೊದಿಸಿ, ಮೂಲೆಗಳನ್ನು ತುಂಬಿಸಿ ಎಂದಿತ್ತು. ಅತ್ತೆಯ ಕೌದಿಗಳನ್ನೆಲ್ಲ ಗೋಡೆಗೆ ಹೊಡೆದೆ. ಅತ್ತೆ "ಮಳಿಗಾಲದಾಗ ನಾವೇನ್ ಹೊಚ್ಚಿಕೊಳ್ಳೂನು, ನಿನ್ನ ಹಾಡು ಹೊಚ್ಚಿಕೊಳ್ಳೂನೇನ?" ಎಂದು ಬೈದರೂ ಮೊಳೆ ಹಿಡಿದು ನಿಂತರು.

ಮೂಲೆಗಳಿಗೆ ಏನು ಮಾಡುವುದು? ಬುಡನಸಾಬ ಕಾಕಾ ಟೆಂಪೋ ತೆಗೆದುಕೊಂಡು ಈ ಕಡೆ ಬರುವವರಿದ್ದರು. ಬ್ಯಾಡಗಿಯಿಂದ ಖಾಲಿ ಗೋಣಿಚೀಲ ತರಲು ಹೇಳಿದೆ. ಅದರಲ್ಲಿ ಚಿಂದಿ ಬಟ್ಟೆ ತುಂಬಿ ಮೂಲೆಗೆ ಒಟ್ಟಿದೆ. ಕೋಣೆ ಎಷ್ಟು ಚೆನ್ನಾಗಿ ಆಯಿತೆಂದರೆ ಕೈ ತಟ್ಟಿದರೆ ಸದ್ದು ಅಲ್ಲಿಯೇ ಬಿದ್ದುಹೋಗುತ್ತಿತ್ತು. ಐರಣಿಯಿಂದ ಗದಿಗೆವ್ವ ಎನ್ನುವ ಹಿರಿಯಳನ್ನು ಸೋಬಾನ ಹಾಡಲು ಕರೆಸಿದೆ. ಆಕೆ ಕುಳಿತಳು, ಸೆರಗು ಸರಿಮಾಡಿಕೊಂಡಳು, ಹಾಡಲು ಉಸಿರೆಳೆದುಕೊಂಡಳು, ಆಕ್ಷೀ! ಆಮೇಲೆ ಅತ್ತೆ ಆಕ್ಷೀ. ಆಮೇಲೆ ನಾನು. ಚೀಲಗಳು ಹಂಗಾಮಿಡೀ ಮೆಣಸಿನಕಾಯಿ ಹೊತ್ತವು ಎಂಬುದು ತಲೆಗೆ ಹೊಳೆದಿರಲಿಲ್ಲ. ಗದಿಗೆವ್ವ ಕಣ್ಣು ಒರೆಸಿಕೊಳ್ಳುತ್ತ, "ನನ್ನ ಹಾಡಾಕ ಕರದಿಯೋ, ಒಗ್ಗರಣಿ ಹಾಕಾಕ ಕರದಿಯೋ ನಮ್ಮವ್ವಾ?" ಎಂದಳು. ಸೋಬಾನ ಒಂದೂ ಸಿಗಲಿಲ್ಲ. ಸೀನು ಮಾತ್ರ ಬಹಳ ಸ್ವಚ್ಛವಾಗಿ ರೆಕಾರ್ಡ್ ಆಗಿದೆ.

ನಿಮ್ಮ ನಗು ಇಲ್ಲಿಗೇ ಕೇಳಿಸುತ್ತಿದೆ. ಒಂದು ಸಲ ಫೋನಿಗೆ ಬಂದು ನಕ್ಕರೂ ಸಾಕಿತ್ತು ಅಪ್ಪ.

ಸುಧಾ


ಬ್ಯಾಡಗಿ
17 ಸೆಪ್ಟೆಂಬರ್ 2006

ಸುಧಾಗೆ,

ನಕ್ಕೆ. ನಿನ್ನ ಅವ್ವ ಒಳಗಿನಿಂದ ಓಡಿಬಂದು ಏನಾಯಿತು ಎಂದು ನೋಡುವಷ್ಟು ನಕ್ಕೆ. ಬ್ಯಾಡಗಿಯಲ್ಲಿ ಹುಟ್ಟಿ ಬ್ಯಾಡಗಿಯ ಚೀಲದ ಗುಣ ತಿಳಿಯಲಿಲ್ಲವೇ? ರಾಣೇಬೆನ್ನೂರಿನಲ್ಲಿ ಅರಳೆಗೆ ಬರವೇ? ಹೊಸ ಚೀಲ ತಂದು ಅರಳೆ ತುಂಬು. ಗದಿಗೆವ್ವನಿಗೆ ಒಂದು ಕುಪ್ಪಸದ ಬಟ್ಟೆ ಕೊಟ್ಟು ಕ್ಷಮೆ ಕೇಳು.

ನಿನಗೆ ಹೇಳದ ಒಂದು ಸಂಗತಿ ಇದೆ. ನಾನು ಮೈಕ್ ಸೆಟ್ ಕಟ್ಟಿದ ಹೊಸದರಲ್ಲಿ ಗಳಗನಾಥದ ಗುಡಿಯಲ್ಲಿ ಶ್ರಾವಣದ ಭಜನೆಗೆ ಹೋಗಿದ್ದೆ. ಹಾರ್ನನ್ನು ಮರಕ್ಕೆ ಕಟ್ಟಿ, ಸದ್ದು ಎಲ್ಲಿಯತನಕ ಹೋಗುತ್ತದೆ ನೋಡಲು ಹೊಳೆಯ ದಂಡೆಗೆ ನಡೆದುಹೋದೆ. ಅಷ್ಟರಲ್ಲಿ ಒಬ್ಬ ಹುಡುಗಿ ಹಾಡಲು ಶುರುಮಾಡಿದಳು. ವರದಾ ನದಿ ಬಂದು ಹೊಳೆಗೆ ಕೂಡುವ ಜಾಗದಲ್ಲಿ ಹಾಗೆಯೇ ನಿಂತುಬಿಟ್ಟೆ. ನಿನ್ನ ಅವ್ವನ ದನಿ ಕೇಳಿದ್ದು ಮೊದಲು, ಮುಖ ನೋಡಿದ್ದು ಆಮೇಲೆ. ಮುಖ ಹೇಗಿದ್ದರೂ ಮದುವೆಯಾಗುತ್ತಿದ್ದೆ. ಇದನ್ನು ಅವಳಿಗೆ ಓದಿ ಹೇಳಬೇಡ, ಏರಿ ಕೂತಾಳು.

ಆ ದನಿಯನ್ನು ಚೆನ್ನಾಗಿ ಹಿಡಿದಿಡಬೇಕೆಂದು ಇಷ್ಟು ವರ್ಷ ಅಂದುಕೊಂಡೇ ಇದ್ದೆ. ನನಗೆ ಬಂದದ್ದು ದನಿಯನ್ನು ಊರಿಗೆಲ್ಲ ಬಿಡುವ ವಿದ್ಯೆ. ಹಿಡಿಯುವ ವಿದ್ಯೆ ಬರಲಿಲ್ಲ. ಅದನ್ನು ನೀನು ಕಲಿಯುತ್ತಿದ್ದೀ. ದೀಪಾವಳಿ ಮುಗಿದ ಮೇಲೆ ಅವಳನ್ನು ನಿನ್ನಲ್ಲಿಗೆ ಕಳಿಸುತ್ತೇನೆ. ಹಾಡಿಸಿ, ಹಿಡಿದು, ನನಗೆ ಕಳಿಸು. ಲಗೂ ಕಳಿಸು. ಯಾಕೆ ಅವಸರ ಎಂದು ಕೇಳಬೇಡ.

ನಿನ್ನ ಅಪ್ಪ,
ಸೋಮಣ್ಣ


ರಾಣೇಬೆನ್ನೂರು
12 ನವೆಂಬರ್ 2006

ಅಪ್ಪನಿಗೆ ನಮಸ್ಕಾರ.

ಆಯಿತು! ಈ ಕಾಗದದ ಜೊತೆಗೆ ಅವ್ವನ ಹಾಡಿನ ಸಿ.ಡಿ. ಇದೆ.

ಮೊದಲ ಎರಡು ದಿನ ಅವ್ವ ಬಾಯಿ ತೆರೆಯಲಿಲ್ಲ. ಮೈಕನ್ನು ನೋಡಿ "ಇದೇನ ಹಾವಿನಗತೆ ಹೆಡಿ ಎತ್ತೈತಿ" ಎಂದು ಹಿಂದೆ ಸರಿಯುತ್ತಿದ್ದಳು. ಗೋಡೆಯ ಕಡೆ ಮುಖ ಮಾಡಿ ಕೂರಿಸಿದರೂ ಆಗಲಿಲ್ಲ. ಕೊನೆಗೆ ಅತ್ತೆ ಮೊರದಲ್ಲಿ ಒಂದಿಷ್ಟು ಜೋಳ ಹಾಕಿ ಅವಳ ತೊಡೆಯ ಮೇಲಿಟ್ಟರು. ಹರಳು ಆರಿಸಲು ಕೈ ಹೋಯಿತು, ಹಾಡು ತಾನಾಗಿ ಬಂತು. "ಕೈ ಖಾಲಿ ಇದ್ರ ಹಾಡು ಎಲ್ಲಿಂದ ಬರಬೇಕವಾ?" ಎಂದಳು. ಬೀಸುವ ಪದಗಳನ್ನೂ ಹಾಡಿದ್ದಾಳೆ, ಗಳಗನಾಥದಲ್ಲಿ ಹಾಡಿದ್ದೆ ಎಂದು ಹೇಳುತ್ತ ಒಂದು ಭಜನೆಯನ್ನೂ ಹಾಡಿದ್ದಾಳೆ. ಒಂದು ಮೈಕನ್ನು ಅವಳ ಬಾಯಿಗೆ, ಇನ್ನೊಂದನ್ನು ಕೋಣೆಗೆ ಇಟ್ಟು ಬೇರೆಬೇರೆ ಹಿಡಿದಿದ್ದೇನೆ. ಕೆಮ್ಮು ತೆಗೆದಿದ್ದೇನೆ. ಉಸಿರೆಳೆದುಕೊಳ್ಳುವುದನ್ನು ತೆಗೆದಿಲ್ಲ. ಮೊರದಲ್ಲಿ ಜೋಳ ಸರಿಯುವ ಸದ್ದನ್ನೂ ಬಿಟ್ಟಿದ್ದೇನೆ. ಸರಿಯೋ ತಪ್ಪೋ ನೀವೇ ಹೇಳಬೇಕು.

ಹೇಳಲೇಬೇಕು, ಯಾಕೆಂದರೆ ಹಾವೇರಿಯಲ್ಲಿ ಅಣ್ಣಾಜಿ ಎನ್ನುವವರ ರೆಕಾರ್ಡಿಂಗ್ ಸ್ಟುಡಿಯೋ ಇದೆ. ರುದ್ರಮುನಿ ಅವರು ನನ್ನ ವಿಷಯ ತಿಳಿಸಿದ್ದರು. ಫೀಸು ಏನೂ ಬೇಡ, ಬಂದು ಜೊತೆಗೆ ಕೂತು ಕಲಿ ಎಂದಿದ್ದಾರೆ. ಆದರೆ ಒಂದು ಮಾತು ಹೇಳಿದರು. "ನಿನ್ನ ಕಿವಿ ಮ್ಯಾಲೆ ನಿನಗ ನಂಬಿಕಿ ಇದ್ರ ಬಾ. ಇಲ್ಲಾಂದ್ರ ನಾ ಕಲಿಸಿ ಉಪಯೋಗಿಲ್ಲ." ನನಗೆ ನಂಬಿಕೆ ಇಲ್ಲ ಅಪ್ಪ. ಮೋಟೆಬೆನ್ನೂರಿನ ಮಾತು ಎತ್ತಬೇಡ ಎಂದಿದ್ದೀರಿ, ಇದೊಂದು ಸಲ ಎತ್ತುತ್ತೇನೆ. ಹೆಡ್‌ಫೋನ್ ಹಾಕಿಕೊಂಡಾಗಲೆಲ್ಲ "ಏನೂ ಇಲ್ಲ, ಇಳಿ ಕೆಳಗ" ಎನ್ನುವುದೇ ಮೊದಲು ಕೇಳಿಸುತ್ತದೆ. ನನಗೆ ಕೇಳಿಸುವುದು ನಿಜವಾಗಿಯೂ ಅಲ್ಲಿ ಇರುತ್ತದೋ, ನನ್ನ ಭ್ರಮೆಯೋ ಎಂದು ಅನುಮಾನ. ನೀವು ಕೇಳಿ. ಸರಿಯಿದ್ದರೆ ಸರಿ ಎಂದು ಬರೆಯಿರಿ, ಹಾವೇರಿಗೆ ಹೋಗುತ್ತೇನೆ. ಇಲ್ಲದಿದ್ದರೆ ಇಲ್ಲ ಎಂದು ಬರೆಯಿರಿ, ಈ ಕೆಲಸ ಬಿಡುತ್ತೇನೆ. ಸುಳ್ಳು ಬರೆಯಬೇಡಿ.

ಅತ್ತೆಗೆ ಜ್ವರ, ಅವ್ವ ಇನ್ನೂ ನಾಲ್ಕು ದಿನ ಇಲ್ಲೇ ಇರುತ್ತಾಳೆ. ಬುಡನಸಾಬ ಕಾಕಾ ಬಾಗಿಲಲ್ಲಿ ನಿಂತು "ಲಗೂ ಮಾಡವಾ, ಗಾಡಿ ಚಾಲೂ ಐತಿ" ಎನ್ನುತ್ತಿದ್ದಾರೆ. ಸಿ.ಡಿ. ಈಗಷ್ಟೇ ಹೊರಬಂತು, ಇನ್ನೂ ಬೆಚ್ಚಗಿದೆ.

ಸುಧಾ


ಬ್ಯಾಡಗಿ
21 ನವೆಂಬರ್ 2006

ಮಗಳು ಸುಧಾರಾಣಿಗೆ ಅಪ್ಪನ ಆಶೀರ್ವಾದ.

ಸಿ.ಡಿ. ಮುಟ್ಟಿತು. ಸ್ನಾನ ಮಾಡಿ, ಬಾಗಿಲು ಹಾಕಿಕೊಂಡು, ಟೀವಿಯ ವಿ.ಸಿ.ಡಿ. ಪ್ಲೇಯರಿಗೆ ಹಾಕಿ ಮೊದಲಿನಿಂದ ಕೊನೆಯತನಕ ಕುಳಿತೆ.

ಸರಿಯಿದೆ. ಸುಧಾ, ಸರಿಯಿದೆ. ನಿನ್ನ ಅವ್ವ ನಮ್ಮ ಪಡಸಾಲೆಯಲ್ಲೇ ಕುಳಿತು ಹಾಡಿದ ಹಾಗಿದೆ. ಅವಳ ದನಿ ಗಂಟಲಿನದಲ್ಲ, ಹೊಟ್ಟೆಯದು. ಹಾರ್ನಿನಲ್ಲಿ ಅದು ಯಾವತ್ತೂ ಪೂರ್ತಿ ಬರುತ್ತಿರಲಿಲ್ಲ. ಉಸಿರನ್ನು ಕತ್ತರಿಸದೆ ಬಿಟ್ಟದ್ದು ಒಳ್ಳೆಯದಾಯಿತು. ಜೋಳದ ಸದ್ದು ಹಿತವಾಗಿದೆ. ಭಜನೆಯ ಮೇಲಿನ ಸ್ವರಕ್ಕೆ ಅವಳು ಯಾವಾಗಲೂ ಸ್ವಲ್ಪ ತಡೆದು ಏರುತ್ತಾಳೆ, ಅದೂ ಹಾಗೆಯೇ ಉಳಿದಿದೆ. ನನ್ನ ಜೀವಮಾನದಲ್ಲಿ ಇದಕ್ಕಿಂತ ಒಳ್ಳೆಯ ರೆಕಾರ್ಡಿಂಗ್ ಕೇಳಿಲ್ಲ.

ಹಾವೇರಿಗೆ ಹೋಗು. ಅನುಮಾನ ಇಟ್ಟುಕೊಳ್ಳದೆ ಹೋಗು.

ಇನ್ನು ಮುಂದೆ ನನಗೆ ಸಿ.ಡಿ. ಕಳಿಸುವುದು ಬೇಡ. ನಿನಗೆ ನನ್ನ ಕಿವಿಯ ಅಗತ್ಯ ಇಲ್ಲ. ಮೈಕ್ ಸೆಟ್ಟನ್ನು ಬುಡನಸಾಬನಿಗೆ ವಹಿಸಿಕೊಟ್ಟೆ. ನನಗೆ ಸಾಕಾಯಿತು.

ನಿನ್ನ ಅಪ್ಪ,
ಸೋಮಣ್ಣ


ಹಾವೇರಿ
4 ಮಾರ್ಚ್ 2007

ಅಪ್ಪನಿಗೆ,

ನೀವು "ಸರಿಯಿದೆ" ಎಂದು ಬರೆದ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಇಷ್ಟು ದಿನ ಮಲಗಿದೆ. ಹಾವೇರಿಗೆ ಬಂದದ್ದು ಆ ಕಾಗದದ ಧೈರ್ಯದ ಮೇಲೆ. ಅಣ್ಣಾಜಿ ಅವರು ಬೈದಾಗ, ಮಾಡಿದ್ದು ಕೆಟ್ಟಾಗ, ಅದನ್ನು ತೆಗೆದು ಓದಿಕೊಳ್ಳುತ್ತಿದ್ದೆ.

ನಿನ್ನೆ ಅಣ್ಣಾಜಿ ಅವರು ನಿನ್ನ ತಾಯಿಯ ಹಾಡು ಕೇಳಿಸು ಎಂದರು. ನಿಮಗೆ ಕಳಿಸಿದ ದಿನವೇ, ಅದರ ಹಿಂದೆಯೇ ಬರೆದಿಟ್ಟುಕೊಂಡ ನನ್ನ ಪ್ರತಿ ಪೆಟ್ಟಿಗೆಯಲ್ಲಿತ್ತು. ಒಮ್ಮೆಯೂ ಹೊರಗೆ ತೆಗೆದಿರಲಿಲ್ಲ. ಹಾಡಲು ಬಂದಿದ್ದವರು, ತಬಲಾದವರು ಎಲ್ಲ ಕುಳಿತಿದ್ದರು. "ನಮ್ಮಪ್ಪ ಇದನ್ನ ಕೇಳಿ ಇದಕ್ಕಿಂತ ಚಲೋ ಕೇಳಿಲ್ಲ ಅಂದಾರ್ರಿ" ಎಂದು ಹೇಳಿ ಹಚ್ಚಿದೆ. ಪ್ಲೇಯರಿನಲ್ಲಿ ನಿಮಿಷ ಓಡಿತು, ಹಾಡು ಬರಲಿಲ್ಲ. ದನಿ ಏರಿಸಿದರು. ಇಲ್ಲ. ಎರಡನೆಯದು, ಮೂರನೆಯದು, ಕೊನೆಯ ಭಜನೆ, ಎಲ್ಲವೂ ಅಷ್ಟೇ. ಅಣ್ಣಾಜಿ ಅವರು "ನಿಮ್ಮವ್ವ ಮೌನವ್ರತದಾಗ ಹಾಡ್ಯಾಳೇನ?" ಎಂದರು. ಎಲ್ಲರೂ ನಕ್ಕರು.

ಸಂಜೆ ಬಸ್ಸು ಹಿಡಿದು ರಾಣೇಬೆನ್ನೂರಿಗೆ ಹೋಗಿ ಹಳೆಯ ಕಂಪ್ಯೂಟರ್ ತೆಗೆದು ನೋಡಿದೆ. ಕೆಮ್ಮು ತೆಗೆಯುವಾಗ ಎರಡೂ ಮೈಕಿನ ದನಿಗಳನ್ನು ಮ್ಯೂಟ್ ಮಾಡಿದ್ದೆ. ಮತ್ತೆ ಬಿಡಲು ಮರೆತು ಹಾಗೆಯೇ ಸಿ.ಡಿ.ಗೆ ಬರೆದಿದ್ದೇನೆ. ಬುಡನಸಾಬ ಕಾಕಾ ಅವಸರ ಮಾಡುತ್ತಿದ್ದರೆಂದು ಹಚ್ಚಿ ಕೇಳದೆ ಕೊಟ್ಟೆ. ನೀವು ಹೇಳಿದ ಹಮಾಲ ನಾನೇ. ಆ ತಪ್ಪು ನನ್ನದು.

ಆದರೆ ನೀವು? ನಿಮಗೆ ಕಳಿಸಿದ ಸಿ.ಡಿ.ಯಲ್ಲಿಯೂ ಏನೂ ಇಲ್ಲ ಅಪ್ಪ. ಒಂದು ಉಸಿರೂ ಇಲ್ಲ. ಏನೂ ಇಲ್ಲದ್ದನ್ನು ಕೇಳಿ ಹೊಟ್ಟೆಯ ದನಿ ಬಂದಿದೆ, ಜೋಳದ ಸದ್ದು ಹಿತವಾಗಿದೆ ಎಂದು ಬರೆದಿರಿ. ನೀವು ಅದನ್ನು ಹಚ್ಚಲೇ ಇಲ್ಲ. ನನ್ನ ಕಾಗದದಲ್ಲಿ ಇದ್ದದ್ದನ್ನೇ ತಿರುಗಿಸಿ ಬರೆದು ಕೈ ತೊಳೆದುಕೊಂಡಿರಿ. ಸುಳ್ಳು ಬರೆಯಬೇಡಿ ಎಂದು ಬೇಡಿಕೊಂಡಿದ್ದೆ. ಮೋಟೆಬೆನ್ನೂರಿನಲ್ಲಿ ಇಳಿ ಎಂದದ್ದೇ ವಾಸಿ, ಅದು ಮುಖದ ಮೇಲೆ ಹೇಳಿದ್ದು.

ಇನ್ನು ಬರೆಯುವುದಿಲ್ಲ.

ಸುಧಾರಾಣಿ


ಬ್ಯಾಡಗಿ
11 ಮಾರ್ಚ್ 2007

ಮಗಳು ಸುಧಾಗೆ ಅವ್ವ ಸುಶೀಲವ್ವ ಮಾಡುವ ಆಶೀರ್ವಾದ.

ನನಗೆ ಬರೆದು ರೂಢಿ ಇಲ್ಲ. ನಿಮ್ಮಪ್ಪ ನನ್ನಿಂದ ಆಣೆ ಮಾಡಿಸಿಕೊಂಡಿದ್ದರು. ಆಣೆ ಮುರಿದು ಬರೆಯುತ್ತಿದ್ದೇನೆ, ಪಾಪ ಬಂದರೆ ನನಗೆ ಬರಲಿ.

ನಿಮ್ಮಪ್ಪನಿಗೆ ಕಿವಿ ಕೇಳಿಸುವುದಿಲ್ಲ.

ಇದು ಇವತ್ತಿನದಲ್ಲ. ವರ್ಷಗಟ್ಟಲೆ ಹಾರ್ನಿನ ಮಗ್ಗುಲಲ್ಲಿ ನಿಂತು ನಿಂತು ಬಲಗಿವಿ ಎಂದೋ ಹೋಗಿತ್ತು. ಎಡಗಿವಿಯಲ್ಲಿ ಒಂದಿಷ್ಟು ಉಳಿದಿತ್ತು. ಫೋನಿನಲ್ಲಿ ಮಾತು ತಿಳಿಯುತ್ತಿರಲಿಲ್ಲ, ಅದಕ್ಕೇ ಬರುತ್ತಿರಲಿಲ್ಲ. ನೀನು ಫೋನ್ ಮಾಡಿದಾಗ ನನ್ನ ಬೆನ್ನ ಹಿಂದೆಯೇ ನಿಂತು, "ಏನಂತಾಳ? ಉಂಡಾಳಂತೇನ?" ಎಂದು ಕೈಸನ್ನೆ ಮಾಡಿ ಕೇಳುತ್ತಿದ್ದರು. ನಾನು ಹೊರಗೆ ಹೋಗಿದ್ದಾರೆ ಎಂದು ಸುಳ್ಳು ಹೇಳುತ್ತಿದ್ದೆ. ಯಾಕೆ ಮಗಳಿಗೆ ಹೇಳುವುದಿಲ್ಲ ಎಂದರೆ, "ಆಕಿಗೆ ಹೇಳಿದ್ರ ಎಲ್ಲಾ ಬಿಟ್ಟು ಬಂದು ನನ್ನ ಸೆಟ್ ಹೊತ್ತುಕೊಂಡು ಅಡ್ಡಾಡ್ತಾಳ. ಕಲೀಲಿ ಬಿಡು" ಎಂದರು. ದಾವಣಗೆರೆಯ ಡಾಕ್ಟರು ಎಡಗಿವಿಗೆ ಮಷೀನು ಹಾಕಿದರೆ ಇನ್ನೂ ಕೆಲವು ದಿನ ನಡೆಯುತ್ತದೆ ಎಂದು ಹೇಳಿದ್ದರು. ಅಳತೆ ಕೊಡಲು ನವೆಂಬರಿನಲ್ಲಿ ಹೋಗುವುದಿತ್ತು.

ಆಗ ನಿನ್ನ ಸಿ.ಡಿ. ಬಂತು. ನಾನು ನಿನ್ನ ಹತ್ತಿರವೇ ಇದ್ದೆ. ತಿರುಗಿ ಬಂದು ನೋಡಿದರೆ ನಿಮ್ಮಪ್ಪ ಟೀವಿಯ ಮುಂದೆ ನೆಲದ ಮೇಲೆ ಕುಳಿತಿದ್ದರು. ದನಿಯ ಗುಂಡಿ ಕೊನೆಯತನಕ ತಿರುಗಿಸಿತ್ತು. "ಹೋತು ಸುಶೀಲಾ" ಎಂದರು. "ಲಾರಿ ಹಾರ್ನು ಕೇಳಸ್ತೈತಿ, ನಾಯಿ ಬೊಗಳೂದು ಕೇಳಸ್ತೈತಿ. ನಿನ್ನ ದನಿ ಕೇಳಸವಲ್ದು. ಹಾಡು ಹೋತು." ನಾನು ಹಚ್ಚಿ ಕೇಳುತ್ತೇನೆ ಎಂದರೆ ಬಿಡಲಿಲ್ಲ. "ನೀ ಕೇಳೂದನ್ನ ನಾ ನೋಡಲಾರೆ" ಎಂದು ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಮರುದಿನ ಸೆಟ್ಟನ್ನು ಬುಡನಸಾಬನಿಗೆ ಕೊಟ್ಟರು. ಡಾಕ್ಟರ ಹತ್ತಿರ ಹೋಗುವುದನ್ನೂ ಬಿಟ್ಟರು. ಹಾಡು ಕೇಳದ ಕಿವಿಗೆ ಮಷೀನು ಯಾಕೆ ಎಂದರು. ನಾನು ಅತ್ತು ಬೇಡಿಕೊಂಡೆ, ಕೇಳಲಿಲ್ಲ. ನಿನಗೆ ಆ ಕಾಗದ ಬರೆಯಲು ಮೂರು ದಿನ ಕುಳಿತಿದ್ದರು. ನಾನು ಹೇಗೆ ಹಾಡುತ್ತೇನೆಂದು ನೆನಪು ಮಾಡಿ ಮಾಡಿ ಬರೆದರು. ಅದರಲ್ಲಿ ಸುಳ್ಳು ಇಲ್ಲ ಸುಧಾ, ನಾನು ಹಾಗೆಯೇ ಹಾಡುತ್ತೇನೆ.

ಮೊನ್ನೆ ನಿನ್ನ ಸಿಟ್ಟಿನ ಕಾಗದ ಬಂತು. ಓದಿದರು. ಮತ್ತೆ ಓದಿದರು. ನಾನು ಅಳುತ್ತಾರೆ ಎಂದುಕೊಂಡೆ. ಅವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಅದರಾಗ ಏನೂ ಇದ್ದಿದ್ದಿಲ್ಲಂತ! ಅವತ್ತ ನನ್ನ ಕಿವಿ ಇತ್ತು ಸುಶೀಲಾ, ಇತ್ತು!" ಟ್ರಂಕು ತೆಗೆದು ಸಿ.ಡಿ. ಹಾಕಿ ನನ್ನನ್ನು ಕೂರಿಸಿದರು. "ಖರೇ ಹೇಳು, ಏನರ ಬರಾಕತ್ತೈತೇನು?" ಏನೂ ಬರುತ್ತಿಲ್ಲ ಎಂದು ಕೈ ಆಡಿಸಿದೆ. ಸಣ್ಣ ಹುಡುಗರ ಹಾಗೆ ನಕ್ಕರು. ನಕ್ಕದ್ದನ್ನು ನೋಡಿ ನಾನೂ ನಕ್ಕೆ. ಆಮೇಲೆ ಹಳೆಯ ಭಜನೆಯ ಕ್ಯಾಸೆಟ್ಟು ತೆಗೆದು ಟೇಪಿಗೆ ಹಾಕಿ, ದನಿ ಪೂರಾ ಏರಿಸಿ, ಗುಂಡಿ ಒತ್ತಲು ನನಗೆ ಹೇಳಿ, ಎಡಗಿವಿ ಹಚ್ಚಿ ಕುಳಿತರು. ಪಕ್ಕದ ಮನೆಯ ಮುಮ್ತಾಜಬಿ ಇದೇನು ಇಷ್ಟು ಜೋರು ಎಂದು ಬಾಗಿಲಿಗೆ ಬಂದಳು. ನಿಮ್ಮಪ್ಪ ನನ್ನ ಮುಖ ನೋಡಿದರು. "ಹಚ್ಚೀಯೇನು?" ಎಂದು ಕೇಳಿದರು.

ಈ ನಾಲ್ಕು ತಿಂಗಳಲ್ಲಿ ಅದೂ ಹೋಗಿಬಿಟ್ಟಿದೆ. ಹಾಡು ಹೋಯಿತೆಂದು ಅವರು ಕೇಳುವುದನ್ನೇ ಬಿಟ್ಟಿದ್ದರು, ಹೋದ ದಿನ ಯಾವುದೆಂದು ನಮಗ್ಯಾರಿಗೂ ಗೊತ್ತಾಗಲಿಲ್ಲ.

ನೀನು ಬಾ.

ನಿನ್ನ ಅವ್ವ


ಹಾವೇರಿ
15 ಮಾರ್ಚ್ 2007

ಅವ್ವಾ,

ಯುಗಾದಿಗೆ ಬರುತ್ತೇನೆ. ಸರಿಯಾದ ಸಿ.ಡಿ. ತರುತ್ತೇನೆ. ಹಚ್ಚಿ ಕೇಳಿದ್ದೇನೆ. ಎಷ್ಟು ಸಲ ಕೇಳಿದ್ದೇನೋ ನನಗೇ ಗೊತ್ತಿಲ್ಲ. ಅಪ್ಪನಿಗೆ ಏನು ಹೇಳಬೇಕು, ಹೇಗೆ ಹೇಳಬೇಕು, ಒಂದೂ ತಿಳಿಯುತ್ತಿಲ್ಲ.

ಸುಧಾ


ಬ್ಯಾಡಗಿ
2 ಏಪ್ರಿಲ್ 2007

ಸುಧಾಗೆ ಅಪ್ಪನ ಆಶೀರ್ವಾದ.

ನೀನು ಹಬ್ಬಕ್ಕೆ ಬಂದು ಬೇವು ತಿಂದೆ, ಬೆಲ್ಲ ತಿನ್ನಲಿಲ್ಲ. ಎರಡು ದಿನವೂ ಗೋಡೆಯ ಕಡೆ ಮುಖ ಮಾಡಿ ಮಾತಾಡಿದೆ. ಹಾಗೆ ಮಾಡಬೇಡ. ತುಟಿ ನೋಡಿ ಮಾತು ತಿಳಿಯುವುದನ್ನು ಕಲಿಯುತ್ತಿದ್ದೇನೆ. ಬುಡನಸಾಬನ ಮೀಸೆ ಅಡ್ಡ ಬರುತ್ತದೆ, ನಿನ್ನ ಅವ್ವನದು ಚೆನ್ನಾಗಿ ತಿಳಿಯುತ್ತದೆ. ಇದಕ್ಕೂ ಫೀಸಿಲ್ಲ.

ನೀನು ಹಾವೇರಿ ಬಿಡುತ್ತೀಯಂತೆ, ಇನ್ನು ಹೆಡ್‌ಫೋನ್ ಮುಟ್ಟುವುದಿಲ್ಲವಂತೆ. ನಿನ್ನ ಅವ್ವ ಬರೆದು ತೋರಿಸಿದಳು. ಅಪ್ಪನ ಕಿವಿ ನನ್ನಿಂದ ಹೋಯಿತು ಎಂದು ನೀನು ಅತ್ತಿದ್ದೀಯಂತೆ. ಅಲ್ಲ. ಹಾರ್ನಿನಿಂದ ಹೋಯಿತು. ಮಷೀನು ಹಾಕಿಸಿದ್ದರೆ ನಾಲ್ಕು ದಿನ ಹೆಚ್ಚು ಇರುತ್ತಿತ್ತು, ಹಾಕಿಸದೆ ಹಟ ಹಿಡಿದವನು ನಾನು. ಆ ನಾಲ್ಕು ದಿನದ ಆಸೆ ನನಗಿತ್ತು, ಇಲ್ಲವೆಂದು ಸುಳ್ಳು ಹೇಳುವುದಿಲ್ಲ. ನಿನ್ನ ಅವ್ವ ಮೊರ ಹಿಡಿದು ಕೂತಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಅದು ನನ್ನ ಪಾಲಿನದು, ನೀನು ಹೊರಬೇಡ.

ಮೋಟೆಬೆನ್ನೂರಿನ ಮಾತು ಎತ್ತಬೇಡ ಎಂದಿದ್ದೆ. ಈಗ ನಾನೇ ಎತ್ತುತ್ತೇನೆ. ನೀನು ಮನೆ ಬಿಟ್ಟು ಹೋದ ದಿನ ಬಲಗಡೆಯ ಬಾಕ್ಸ್ ಬಿಚ್ಚಿದೆ. ಒಳಗಿನ ಕಾಗದದ ಕೋನು ಬೆರಳು ತೂರುವಷ್ಟು ಹರಿದಿತ್ತು. ಅಷ್ಟು ಜನ ಕೂತ ಪೆಂಡಾಲಿನಲ್ಲಿ ಅದು ಕೇಳಿಸಿದ್ದು ನಿನಗೊಬ್ಬಳಿಗೆ. ಸೆಟ್ಟಿನ ಮುಂದೆ ನಿಂತ ನನಗೆ ಕೇಳಿಸಲಿಲ್ಲ. ನನ್ನ ಕಿವಿ ಹೋಗುತ್ತಿದೆ ಎಂದು ನನಗೆ ಖಾತ್ರಿಯಾದದ್ದು ನೀನು ಆ ಮಾತು ಹೇಳಿದ ಗಳಿಗೆಯಲ್ಲಿ. ಹೆದರಿಕೆಯಾಯಿತು, ಅದಕ್ಕೇ ರೇಗಿದೆ. ನೀನು ನನ್ನನ್ನು ಕೇಳಿದ್ದು ಒಂದೇ, ನಿನ್ನ ಕಿವಿ ಸರಿಯೋ ಇಲ್ಲವೋ ಎಂದು. ಸರಿಯಿದೆ. ಇದನ್ನು ಹೇಳಲು ನನಗೆ ಕಿವಿ ಬೇಕಾಗಿಲ್ಲ, ಹರಿದ ಕೋನನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಹಾವೇರಿ ಬಿಡಬೇಡ.

ಹಬ್ಬದ ದಿನ ಸರಿಯಾದ ಸಿ.ಡಿ. ಹಚ್ಚಿದಾಗ ನೀನು ನನ್ನ ಅಂಗೈಯನ್ನು ಬಾಕ್ಸಿನ ಮೇಲೆ ಇಟ್ಟೆ. ನಿನ್ನ ಸಮಾಧಾನಕ್ಕೆ ತಲೆ ಆಡಿಸಿದೆ. ಅದುರುತ್ತದೆ, ಅಷ್ಟೇ. ಟ್ರ್ಯಾಕ್ಟರಿನ ಬಾನೆಟ್ಟೂ ಹಾಗೆಯೇ ಅದುರುತ್ತದೆ. ಅದು ನಿನ್ನ ಅವ್ವನ ದನಿ ಅಲ್ಲ. ಆದರೆ ಬುಡನಸಾಬ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡದ್ದನ್ನು ನೋಡಿದೆ. ನಿನ್ನ ಅವ್ವ ತನ್ನದೇ ಹಾಡು ಕೇಳುತ್ತ ಸೆರಗಿನಿಂದ ಬಾಯಿ ಮುಚ್ಚಿಕೊಂಡದ್ದನ್ನು ನೋಡಿದೆ. ಚೆನ್ನಾಗಿ ಹಿಡಿದಿದ್ದೀ. ಆ ಸಿ.ಡಿ. ಅವಳ ಹತ್ತಿರ ಇರಲಿ.

ಹೊರಡುವ ಮುಂಚೆ ನೀನು ಆ ಹಳೆಯ ಸಿ.ಡಿ.ಯನ್ನು ಮುರಿಯಲು ಹೋದೆ. ನಾನು ಕಸಿದುಕೊಂಡೆ. ಯಾಕೆ ಎಂದು ನೀನು ಕೇಳಿದೆ, ಈಗ ಹೇಳುತ್ತೇನೆ. ಅದು ನನ್ನ ಟ್ರಂಕಿನಲ್ಲೇ ಇರುತ್ತದೆ, ಯಾರಿಗೂ ಕೊಡುವುದಿಲ್ಲ. ನೀನು ಇನ್ನೂ ಎಷ್ಟೋ ಮಾಡುತ್ತೀ, ಜನ ಕೇಳುತ್ತಾರೆ, ಹೊಗಳುತ್ತಾರೆ. ನೀನು ಮಾಡಿದ್ದರಲ್ಲಿ ನಾನು ಪೂರ್ತಿ ಕೇಳಿದ್ದು ಅದೊಂದೇ. ಅದರಲ್ಲಿ ಇದ್ದದ್ದು ಏನೂ ನನಗೆ ತಪ್ಪಿಹೋಗಿಲ್ಲ.

ನಿನ್ನ ಅಪ್ಪ,
ಸೋಮಣ್ಣ